ಪೆಟ್ರೋಲ್ ಟಾಕಿಯ ಎರಡು ಕೀಲಿಕೈ

ನಾನು ಶಾಲೆ ಬಿಟ್ಟದ್ದು ೧೯೮೫ರಲ್ಲಿ, ಏಳನೆಯ ಇಯತ್ತೆ ಅರ್ಧ ಮುಗಿದಿದ್ದಾಗ. ಬಡತನಕ್ಕೆ ಬಿಟ್ಟ ಎಂದು ನಮ್ಮ ಓಣಿಯವರು ಹೇಳುತ್ತಾರೆ. ಸುಳ್ಳು, ನಮ್ಮ ಮನೆಯಲ್ಲಿ ಎರಡು ಹೊತ್ತು ರೊಟ್ಟಿಗೆ ಎಂದೂ ಕೊರತೆ ಇರಲಿಲ್ಲ. ದಡ್ಡನಾಗಿದ್ದ ಎಂದು ನನ್ನ ಸಡ್ಡಕ ಹೇಳುತ್ತಾನೆ. ಅದೂ ಸುಳ್ಳು, ಲೆಕ್ಕದಲ್ಲಿ ನನ್ನನ್ನು ಮೀರಿಸುವವರು ಆ ವರ್ಗದಲ್ಲಿ ಇಬ್ಬರೇ ಇದ್ದರು. ಅಪ್ಪ ಬಿಡಿಸಿದ ಎಂದು ನನ್ನ ಹೆಂಡತಿ ಮಕ್ಕಳಿಗೆ ಹೇಳುತ್ತಾಳೆ. ಅದು ಅರ್ಧ ನಿಜ. ಉಳಿದ ಅರ್ಧವನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ. ಅಪ್ಪ ನನ್ನನ್ನು ಶಾಲೆ ಬಿಡಿಸಿದ್ದು ಒಂದು ಗಾಡಿಯನ್ನು ಕಾಯುವುದಕ್ಕೆ. ದುಡಿಸುವುದಕ್ಕಲ್ಲ, ಕಾಯುವುದಕ್ಕೆ.

ಶಹಾಬಾದಿನ ನಮ್ಮ ಮನೆಯಲ್ಲಿ ನೆಲವೂ ಪರ್ಸಿ ಎಂಬ ಹಾಸುಗಲ್ಲು, ಗೋಡೆಯೂ ಪರ್ಸಿ, ತಲೆಯ ಮೇಲಿನ ಮಾಳಿಗೆಯೂ ಪರ್ಸಿಯೇ. ಗಣಿಯಿಂದ ಕಲ್ಲು ಕೊಂಡು ಚಿತ್ತಾಪುರ, ಸೇಡಂ, ಚಿಂಚೋಳಿ ಕಡೆ ಮನೆ ಕಟ್ಟುವವರಿಗೆ ಮುಟ್ಟಿಸುವುದು ಅಪ್ಪನ ವ್ಯಾಪಾರ. ಅಂಗಳದಲ್ಲಿ ಸದಾ ಕಲ್ಲು ಕೊಯ್ದ ಪುಡಿ. ಗಾಳಿ ವಾಡಿ ಕಡೆಯಿಂದ ಬೀಸಿದರೆ ಸಿಮೆಂಟ್ ಕಾರ್ಖಾನೆಯ ಧೂಳೂ ಬಂದು ಅದರ ಮೇಲೆ ಕೂರುತ್ತಿತ್ತು. ಅವ್ವ ರೊಟ್ಟಿ ಬಡಿಯುವಾಗ ಮೊದಲು ಬಾಗಿಲು ಹಾಕುತ್ತಿದ್ದಳು. ನಮ್ಮ ಮನೆಯಲ್ಲಿ ಎಲ್ಲಿಯಾದರೂ ಬಿಳಿ ಪುಡಿ ಕಂಡರೆ ಅದು ಏನೆಂದು ಯಾರೂ ಕೇಳುತ್ತಿರಲಿಲ್ಲ, ಸೆರಗಿನಿಂದ ಒರೆಸಿಬಿಡುತ್ತಿದ್ದರು. ಮುಂದೆ ನಡೆದದ್ದಕ್ಕೆಲ್ಲ ಈ ಅಭ್ಯಾಸವೂ ಒಂದು ಕಾರಣ.

ಅಪ್ಪ ಯಾರನ್ನೂ ನಂಬುತ್ತಿರಲಿಲ್ಲ. ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹಿಟ್ಟನ್ನು ಅಂಗೈಯಿಂದ ಸಮ ಮಾಡಿ, ತೋರುಬೆರಳಿನಿಂದ ಒಂದು ಗೆರೆ ಎಳೆದು ಮುಚ್ಚಿಡುತ್ತಿದ್ದ. ಯಾರಾದರೂ ಹಿಟ್ಟು ತೆಗೆದರೆ ಗೆರೆ ಕೆಡಬೇಕು, ಕಳ್ಳತನ ಗೊತ್ತಾಗಬೇಕು. ಅವ್ವ ಬೇಕಾದಷ್ಟು ಹಿಟ್ಟು ತೆಗೆದುಕೊಂಡು, ಸಮ ಮಾಡಿ, ಅದೇ ಗೆರೆಯನ್ನು ತಾನೂ ಎಳೆದಿಡುತ್ತಿದ್ದಳು. ಓಣಿಯ ಯಾವ ಮನೆಯಲ್ಲಿ ಹಸಿವೆಯಿದೆ ಎಂಬುದು ಅವಳಿಗೆ ಗೊತ್ತಿರುತ್ತಿತ್ತು. ಇಬ್ಬರ ಗೆರೆಗಳೂ ಒಂದೇ ಥರ ಇರುತ್ತಿದ್ದವು, ನಾನು ನೋಡಿದ್ದೇನೆ. ಅಪ್ಪ ಕಣ್ಣು ಮುಚ್ಚಿ ನಂಬುತ್ತಿದ್ದ ಜೀವ ಒಂದೇ, ಅವನ ತಾಯಿ, ನಮ್ಮ ಆಯಿ. ಪಡಸಾಲೆಯ ಮೂಲೆಯಲ್ಲಿದ್ದ ದೇವರ ಜಗಲಿ ಅವಳ ರಾಜ್ಯ. ಅಲ್ಲಿ ಕೆಂಪು ಅರಿವೆಯಲ್ಲಿ ಸುತ್ತಿದ ವಿಭೂತಿ ಗಟ್ಟಿ ಇರುತ್ತಿತ್ತು. ಇಬತ್ತಿ ಎನ್ನುತ್ತೇವೆ ನಾವು. ನಮಗೆ ಜ್ವರವೋ ಕೆಮ್ಮೋ ಬಂದರೆ ಆಯಿ ಅದನ್ನು ಉಗುರಿನಿಂದ ಕೆರೆದು ನೀರಿಗೆ ಹಾಕಿ ಕುಡಿಸುತ್ತಿದ್ದಳು. ಅದಕ್ಕೊಂದು ಕಟ್ಟಳೆ ಇತ್ತು. ಕೊಡುವಾಗ ಮೂರನೆಯವರು ನೋಡಬಾರದು, ಕೊಟ್ಟ ಮೇಲೆ ಯಾರಿಗೂ ಹೇಳಬಾರದು.

"ಹೇಳಿದ್ರ ಗುಣ ಹೋಗ್ತದ ತಮ್ಮಾ. ಬಾಯಿ ಮುಚ್ಚಿ ನುಂಗು."

ನಾನು ನುಂಗುತ್ತಿದ್ದೆ. ಸೆಗಣಿ ಸುಟ್ಟ ಹೊಗೆಯ ವಾಸನೆ, ನಾಲಿಗೆಯ ತುದಿಗೆ ಸಣ್ಣ ಉಪ್ಪು, ಆಮೇಲೆ ಗಂಟಲಿನವರೆಗೂ ಒಂದು ನುಣುಪು. ನನ್ನ ಬಾಲ್ಯದ ಜ್ವರಗಳಿಗೆಲ್ಲ ಆ ಒಂದೇ ರುಚಿ.

ಗಾಡಿ ಎಂದರೆ ಒಂದು ಹಳೆಯ ಪೆಟ್ರೋಲ್ ಪಿಕಪ್. ಗುತ್ತಿಗೆದಾರನೊಬ್ಬ ದುಡಿಸಿ ಬಿಟ್ಟದ್ದನ್ನು ಅಪ್ಪ ಕೊಂಡಿದ್ದ. ಮೂಗು ಮುಂದಕ್ಕೆ ಚಾಚಿದ, ಎರಡು ದುಂಡು ದೀಪದ, ಹಸಿರು ಬಣ್ಣದ ಗಾಡಿ. ಅಪ್ಪನಿಗೆ ಸ್ಟೇರಿಂಗ್ ಹಿಡಿಯಲು ಬರುತ್ತಿರಲಿಲ್ಲ. ನಡೆಸುವವನು ಮೈಬು ಕಾಕಾ. ಮೈಬೂಬ ಎಂದು ಹೆಸರು, ಮನೆ ಸ್ಟೇಷನ್ ಆಚೆ. ಹನ್ನೊಂದು ವರ್ಷದಿಂದ ನಮ್ಮಲ್ಲಿದ್ದ. ನನಗೆ ಗೇರು ಹಿಡಿಯಲು ಮೊದಲು ಕೊಟ್ಟವನು ಅವನೇ, ನನ್ನ ಕೈಯ ಮೇಲೆ ಅವನ ಕೈ ಇಟ್ಟು.

ಆ ವರ್ಷ ಗಾಡಿಗೆ ಒಂದು ವಿಚಿತ್ರ ರೋಗ ಹತ್ತಿತು. ಖಾಲಿ ಇದ್ದಾಗ ಚಲೋ ಓಡುತ್ತಿತ್ತು. ಪರ್ಸಿ ಹೇರಿಕೊಂಡು ಚಿಂಚೋಳಿ ಕಡೆಯ ಏರು ಹತ್ತುವಾಗ ಕೆಮ್ಮುತ್ತಿತ್ತು, ಎರಡು ಸಲ ಕುಲುಕಿ ನಿಂತುಬಿಡುತ್ತಿತ್ತು. ಸ್ವಲ್ಪ ಹೊತ್ತು ಬದಿಗೆ ನಿಲ್ಲಿಸಿದರೆ ಏನೂ ಆಗಿಯೇ ಇಲ್ಲವೆಂಬಂತೆ ಮತ್ತೆ ಸ್ಟಾರ್ಟ್ ಆಗುತ್ತಿತ್ತು. ಕೊಡ್ಲಿ ಎಂಬ ಊರಿನ ಗಿರಾಕಿಯೊಬ್ಬ ಎರಡು ಸಲ ಕಾದು ನೋಡಿ ಬೇರೆಯವರಿಂದ ಕಲ್ಲು ತರಿಸಿಕೊಂಡ.

"ಒಂದು ಬೀಡಿ ಸೇದೂದ್ರಾಗ ಸರಿ ಆಗ್ತದಂದ್ರ, ರೋಗ ಗಾಡಿಗದನೋ ಡ್ರೈವರಗದನೋ?" ಎಂದ ಅಪ್ಪ.

"ನಾ ಬೀಡಿ ಸೇದೂದಿಲ್ರೀ ಅಣ್ಣಾ," ಎಂದ ಮೈಬು ಕಾಕಾ. "ಎಲಿ ತಿಂತೀನಿ."

ಅವನು ನಗಿಸಲೆಂದೇ ಹೇಳಿದ. ಅಪ್ಪ ನಗಲಿಲ್ಲ. ಮೊದಲು ಪ್ಲಗ್ ಬಿಚ್ಚಿದರು, ತಂತಿ ಬ್ರಶ್ಶಿನಿಂದ ತಿಕ್ಕಿದರು, ಕೊನೆಗೆ ಹೊಸದು ಹಾಕಿದರು. ಪಾಯಿಂಟ್ ಬಿಚ್ಚಿ ಉಜ್ಜಿದರು. ಕಾಯಿಲ್ ಬದಲಿಸಿದರು. ಕೆಮ್ಮು ಹೋಗಲಿಲ್ಲ. ಪೆಟ್ರೋಲಿನಲ್ಲಿ ಸೀಮೆಎಣ್ಣೆ ಬೆರೆಸಿದ್ದಾರೆಂದು ಅಪ್ಪನಿಗೆ ಗುಮಾನಿ ಬಂತು. ಒಂದಿಷ್ಟನ್ನು ಪರ್ಸಿಯ ಮೇಲೆ ಚೆಲ್ಲಿ, ಎಲ್ಲ ಆರಿಹೋಗುತ್ತದೋ ಜಿಡ್ಡು ಉಳಿಯುತ್ತದೋ ಎಂದು ಮೊಣಕಾಲೂರಿ ನೋಡಿದ. ಜಿಡ್ಡು ಉಳಿಯಲಿಲ್ಲ. ಯಾರೋ ಪೆಟ್ರೋಲ್ ಕದ್ದು ನೀರು ಹಾಕುತ್ತಿದ್ದಾರೆಂದು ಒಂದು ಬಿದಿರು ಕಡ್ಡಿಗೆ ಗೀರು ಹಾಕಿ ದಿನಾ ಪೆಟ್ರೋಲ್ ತುಂಬುವ ಟಾಕಿ ಅಳೆದ. ಅಳತೆಯೂ ಸರಿಯಾಗಿಯೇ ಇತ್ತು. ತಪ್ಪು ಸಿಗದೆ ಹೋದಷ್ಟೂ ಅಪ್ಪನಿಗೆ ತಪ್ಪು ದೊಡ್ಡದಾಗಿ ಕಾಣುತ್ತಿತ್ತು. ಕೊನೆಗೆ ವಾಡಿಯಿಂದ ಎಲ್ಲಪ್ಪ ಮಿಸ್ತ್ರಿಯನ್ನು ಕರೆಸಿದ. ಪೆಟ್ರೋಲ್ ಪಂಪಿನ ಕೆಳಗೆ ಕಸ ತಂಗುವುದಕ್ಕೆಂದು ಒಂದು ಗಾಜಿನ ಬಟ್ಟಲು ಇರುತ್ತದೆ. ಮಿಸ್ತ್ರಿ ಅದನ್ನು ಬಿಚ್ಚಿ ಬಿಸಿಲಿಗೆ ಹಿಡಿದ. ತಳದಲ್ಲಿ ಎರಡು ಬೆರಳು ದಪ್ಪ ಬೂದು-ಬಿಳಿ ರಾಡಿ.

"ಬಸಣ್ಣಾ, ಇದು ಗಾಳಿಗಿ ಬಿದ್ದ ಧೂಳಲ್ರಿ. ಇಷ್ಟು ತಾನಾಗೇ ಒಳಗ ಹೋಗೂದಿಲ್ಲ. ಯಾರೋ ಹಾಕ್ಯಾರ."

"ಏನ ಹಾಕ್ಯಾರ?"

"ಈ ಸೀಮ್ಯಾಗ ಬಿಳಿ ಪುಡಿ ಅಂದ್ರ ಮತ್ತೇನ್ರಿ? ಸಿಮೆಂಟು."

ಮೈಬು ಕಾಕಾ ಆ ರಾಡಿಯನ್ನು ಎರಡು ಬೆರಳಿನ ನಡುವೆ ತಿಕ್ಕಿ ನೋಡಿದ.

"ಸಿಮೆಂಟ್ ಅಲ್ಲ ಮಿಸ್ತ್ರಿ. ಸಿಮೆಂಟಿಗಿ ಇಷ್ಟು ನುಣುಪು ಎಲ್ಲಿದು?"

ಅಪ್ಪ ತಿರುಗಿ ಅವನನ್ನೇ ನೋಡಿದ.

"ನಿನಗ ಹ್ಯಾಂಗ ಗೊತ್ತು?"

ಇಡೀ ಅಂಗಳದಲ್ಲಿ ನಿಜ ಆಡಿದವನು ಅವನೊಬ್ಬನೇ. ಅವನ ಮೇಲೆ ಗುಮಾನಿ ಹುಟ್ಟಿದ್ದೂ ಆ ಮಾತಿನಿಂದಲೇ.

ಮರುದಿನ ಅಪ್ಪ ಟಾಕಿಯ ಮುಚ್ಚಳಕ್ಕೆ ಕೊಂಡಿ ಬಡಿಸಿ ಬೀಗ ಹಾಕಿಸಿದ. ಕೀಲಿಕೈ ಎರಡು. ಒಂದನ್ನು ತನ್ನ ಉಡದಾರಕ್ಕೆ ಕಟ್ಟಿಕೊಂಡ. ಪೆಟ್ರೋಲ್ ಹಾಕಿಸುವ ದಿನ ಬೆಳಿಗ್ಗೆ ಮೈಬು ಕಾಕಾನಿಗೆ ಕೊಟ್ಟು ಸಂಜೆ ಕೇಳಿ ಇಸಿದುಕೊಳ್ಳುತ್ತಿದ್ದ. ಇನ್ನೊಂದನ್ನು ದೇವರ ಜಗಲಿಯ ಮೇಲಿಟ್ಟ. ಅಲ್ಲಿಗಿಂತ ಭದ್ರವಾದ ಜಾಗ ನಮ್ಮ ಮನೆಯಲ್ಲಿ ಇರಲಿಲ್ಲ. ಆಮೇಲೆ ನನ್ನ ಪಾಟಿ ಚೀಲ ಗೂಟಕ್ಕೆ ಹೋಯಿತು.

"ಗಾಡಿ ಮನಿ ಮುಂದ ನಿಂತಾಗ ನಿನ್ನ ಕಣ್ಣು ಅದರ ಮ್ಯಾಲೆ ಇರಬೇಕು. ಯಾರ ಹಾಕ್ತಾರ ಹಿಡಿದು ಕೊಡು. ಗಾಡಿ ಸರಿಯಾದ ಮರುದಿನ ಸಾಲಿಗಿ ಹೋಗು."

ಅಂದರೆ ನನ್ನ ಶಾಲೆ ಆ ಕಳ್ಳನ ಕೈಯಲ್ಲಿತ್ತು. ನಾನು ಕಟ್ಟೆಯ ಮೇಲೆ ಕುಳಿತು ಕಾದೆ. ಹಾಲಿನವನನ್ನು ನೋಡಿದೆ, ಕಲ್ಲು ಇಳಿಸುವವರ ಜೇಬು ನೋಡಿದೆ, ಎದುರುಮನೆಯ ಮುದುಕ ಕೋಲೂರಿ ಗಾಡಿಯ ನೆರಳಿನಲ್ಲಿ ನಿಂತರೆ ಅವನ ಕೋಲನ್ನೂ ನೋಡಿದೆ. ಒಂದು ತಿಂಗಳಲ್ಲಿ ನನ್ನ ಕಣ್ಣು ಅಪ್ಪನ ಕಣ್ಣಿನಂತೆಯೇ ಆಯಿತು. ನಗುತ್ತ ಬಂದವನು ಯಾಕೆ ನಗುತ್ತಾನೆ, ಸುಮ್ಮನೆ ಹೋದವನು ಯಾಕೆ ಸುಮ್ಮನಿದ್ದಾನೆ? ಈ ಚಾಳಿ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಆದರೆ ನಾನು ಕಾದದ್ದು ಹೊರಗಿನಿಂದ ಬರುವವರನ್ನು ಮಾತ್ರ. ಅಮಾವಾಸ್ಯೆಯ ದಿನ ಗಾಡಿ ಓಡಿಸುತ್ತಿರಲಿಲ್ಲ. ಮೈಬು ಕಾಕಾ ಬೆಳಿಗ್ಗೆ ಬಂದು ತೊಳೆದು, ಬಾನೆಟ್ ಎತ್ತಿ ನೋಡಿ, ಹೋಗುತ್ತಿದ್ದ. ಅವ್ವ ಪೂಜೆ ಮಾಡಿ ಕಾಯಿ ಒಡೆಯುತ್ತಿದ್ದಳು. ಆಮೇಲೆ ಆಯಿ ಬಾಗಿಲಿಗೆ ಬರುತ್ತಿದ್ದಳು.

"ಹೋಳಿಗಿ ಆರಲಿಕತ್ತದ. ನೀ ಹೋಗಿ ಉಂಡು ಬಾ ತಮ್ಮಾ, ನಾ ಕುಂದರ್ತೀನಿ ಇಲ್ಲಿ."

ನಾನು ಒಳಗೆ ಹೋಗುತ್ತಿದ್ದೆ. ಕಾವಲಿಗೆ ಆಯಿ ಕೂತಿದ್ದಾಳಲ್ಲ!

ಬೀಗ ಹಾಕಿದ ಮೇಲೆ ಮೂರು ಅಮಾವಾಸ್ಯೆ ಕಳೆದವು. ಪ್ರತಿ ಸಲವೂ ಎರಡನೆಯ ದಿನಕ್ಕೋ ಮೂರನೆಯ ದಿನಕ್ಕೋ ಗಾಡಿ ಏರಿನಲ್ಲಿ ನಿಂತಿತು. ಪ್ರತಿ ಸಲವೂ ಬಟ್ಟಲಿನಲ್ಲಿ ಅದೇ ರಾಡಿ, ಹಿಂದಿನ ಸಲಕ್ಕಿಂತ ಹೆಚ್ಚು. ಯಾರೋ ಮಾಟ ಮಾಡಿಸಿದ್ದಾರೆ ಎಂದರು ಓಣಿಯವರು. ಅಪ್ಪ ಮಾಟವನ್ನೂ ನಂಬುವವನಲ್ಲ. ಮೂರನೆಯ ಸಲ, ಮೈಬು ಕಾಕಾ ಪೆಟ್ರೋಲ್ ಹಾಕಿಸಿಕೊಂಡು ಬಂದು ಕೀಲಿಕೈ ವಾಪಸು ಕೊಡಲು ಕಟ್ಟೆ ಹತ್ತಿದಾಗ, ಅಪ್ಪ ಎದ್ದು ನಿಂತ. ಕಲ್ಲು ಇಳಿಸುವ ಮಂದಿಯೆಲ್ಲ ಅಲ್ಲೇ ಇದ್ದರು.

"ಕೀಲಿ ಹಾಕಿದ ಮ್ಯಾಲೂ ಪುಡಿ ಒಳಗ ಹೋಗಲಿಕತ್ತದ. ಒಂದು ಕೀಲಿಕೈ ನನ್ನ ನಡುದಾಗ, ಒಂದು ದೇವರ ಹತ್ರ. ನನ್ನ ಬಿಟ್ರ ಇದನ್ನ ಹಿಡಿಯೋ ಕೈ ಒಂದೇ ಅದ."

"ಯಾರ ಕೈ ಅಣ್ಣಾ?"

"ನೀನೇ ಹೇಳು. ಯಾರ ಹೇಳಿ ಹಾಕಿಸ್ಯಾರ ಅದನ್ನೂ ಹೇಳು. ಇಲ್ಲಂದ್ರ ಆಣಿ ಮಾಡು."

ಮೈಬು ಕಾಕಾ ಗಾಡಿಯ ಕಡೆ ನೋಡಿದ.

"ಹನ್ನೊಂದು ವರ್ಷ ನಿಮ್ಮ ಗಾಡಿ ನಡಸೀನಿ. ಅದಕ್ಕಿಂತ ದೊಡ್ಡ ಆಣಿ ನನ್ನ ಹತ್ರ ಇಲ್ರಿ."

ಕೀಲಿಕೈಯನ್ನು ಕಟ್ಟೆಯ ಪರ್ಸಿಯ ಮೇಲಿಟ್ಟ. ಟಣ್ ಎಂದಿತು. ಹೆಗಲ ವಸ್ತ್ರ ಝಾಡಿಸಿಕೊಂಡು ಸ್ಟೇಷನ್ ಕಡೆ ನಡೆದ. ನಾನು ಕರೆಯಲಿಲ್ಲ. ಕಳ್ಳ ಸಿಕ್ಕ, ಇನ್ನು ಶಾಲೆಗೆ ಹೋಗಬಹುದು ಎಂಬುದೇ ನನಗೆ ಮೊದಲು ಹೊಳೆದದ್ದು. ಅದನ್ನು ಬರೆಯದೆ ಬಿಟ್ಟರೆ ಇದನ್ನೆಲ್ಲ ಬರೆದೂ ಉಪಯೋಗವಿಲ್ಲ.

ಮರುದಿನ ಅಪ್ಪ ಹೊಸ ಡ್ರೈವರನನ್ನು ಹುಡುಕಿಕೊಂಡು ಚಿತ್ತಾಪುರಕ್ಕೆ ಹೋದ. ಮಿಸ್ತ್ರಿ ಬಿಚ್ಚುವುದನ್ನು ಅಷ್ಟು ಸಲ ನೋಡಿದ್ದೆ, ನಾನೇ ಗಾಜಿನ ಬಟ್ಟಲು ಬಿಚ್ಚಿದೆ. ರಾಡಿಯನ್ನು ಮೂರು ಬೆರಳಿನಲ್ಲಿ ಬಳಿದು ಕಟ್ಟೆಯ ಮೇಲೆ ಒರೆಸಿದೆ. ಪೆಟ್ರೋಲ್ ನೋಡನೋಡುತ್ತ ಆರಿತು. ಪರ್ಸಿಯ ಮೇಲೆ ಮೂರು ಬಿಳಿ ಗೆರೆಗಳು ಉಳಿದವು. ದಿನಾ ಸ್ನಾನದ ನಂತರ ಆಯಿ ನನ್ನ ಹಣೆಗೆ ಎಳೆಯುತ್ತಿದ್ದಂಥವೇ ಗೆರೆ. ನಾನು ಬೆರಳು ನಾಲಿಗೆಗೆ ಹಚ್ಚಿದೆ. ಮೊದಲು ಪೆಟ್ರೋಲಿನ ಉರಿ. ಅದರ ಹಿಂದೆ ಹೊಗೆ, ಸಣ್ಣ ಉಪ್ಪು, ನುಣುಪು. ಜ್ವರದ ರುಚಿ. ಎದ್ದು ಒಳಗೆ ಹೋದೆ. ಆಯಿ ಜಗಲಿಯ ಮುಂದೆ ಬತ್ತಿ ಹೊಸೆಯುತ್ತಿದ್ದಳು.

"ಆಯಿ, ಇದೇನು?"

ಬೆರಳನ್ನು ಮೂಗಿನ ಹತ್ತಿರ ಎಳೆದುಕೊಂಡಳು.

"ನಮ್ಮ ಇಬತ್ತಿ. ಎಲ್ಲಿ ಸಿಕ್ತು?"

"ಗಾಡಿಯೊಳಗ."

"ಅಲ್ಲೇ ಇರಬೇಕಲ್ಲ ಮತ್ತ. ನಾನೇ ಹಾಕೀನಿ. ಪಾಪ ಅದು ಕೆಮ್ಮಲಿಕತ್ತದ. ನಿನಗ ಕೆಮ್ಮು ಬಂದಾಗ ಏನ ಕೊಡ್ತಿದ್ದೆ ನಾ? ಮೊದಲು ಒಂದು ಚಿಟಿಕಿ ಹಾಕ್ದೆ. ಕಡಿಮಿ ಆಗಲಿಲ್ಲ, ಹೆಚ್ಚಿಗಿ ಹಾಕ್ದೆ. ಯಾರೋ ಸಿಮೆಂಟ್ ಹಾಕ್ಯಾರಂತ ಮಿಸ್ತ್ರಿ ಅಂದ ಮ್ಯಾಲೆ ಹಿಡಿ ತುಂಬ ಹಾಕ್ತೀನಿ." ಆಮೇಲೆ ದನಿ ತಗ್ಗಿಸಿ ಹೇಳಿದಳು. "ಯಾರಿಗೂ ಹೇಳಬ್ಯಾಡ. ಗುಣ ಹೋಗ್ತದ."

ರೋಗ ಜಾಸ್ತಿಯಾದಷ್ಟೂ ಔಷಧ ಜಾಸ್ತಿ, ಔಷಧ ಜಾಸ್ತಿಯಾದಷ್ಟೂ ರೋಗ. ಮೊಟ್ಟಮೊದಲು ಗಾಡಿ ಕೆಮ್ಮಿದ್ದು ಯಾಕೋ ನನಗೆ ಗೊತ್ತಿಲ್ಲ. ಹಳೆಯ ಗಾಡಿ, ಪ್ಲಗ್ ಕೆಟ್ಟಿರಬಹುದು. ಆಮೇಲಿನ ಕೆಮ್ಮೆಲ್ಲ ಆಯಿಯ ಕೈಯದೇ. ನಾನು ಜಗಲಿಯ ಕೀಲಿಕೈ ಎತ್ತಿ ಜೇಬಿಗೆ ಹಾಕಿಕೊಂಡೆ. ಎರಡು ದಿನ ಕೂತು ಟಾಕಿ ಬರಿದು ಮಾಡಿದೆ, ಪೆಟ್ರೋಲನ್ನು ಅವ್ವನ ಹಳೆಯ ಸೀರೆಯಲ್ಲಿ ಸೋಸಿದೆ, ಟಾಕಿ ತೊಳೆದೆ, ನಳಿಗೆ ಬಾಯಿ ಹಚ್ಚಿ ಊದಿದೆ. ಧೂಳು ಬಿದ್ದಿತ್ತು, ತೆಗೆದೆ ಎಂದು ಅಪ್ಪನಿಗೆ ಹೇಳಿದೆ. ಉಳಿದದ್ದನ್ನು ಹೇಳಲಿಲ್ಲ. ಹೇಳದಿರಲು ನನಗೆ ಬೇಕಾಗಿದ್ದ ನೆಪವನ್ನು ಆಯಿ ತಾನಾಗಿಯೇ ಕೊಟ್ಟಿದ್ದಳು.

ಚಿತ್ತಾಪುರದ ಡ್ರೈವರ ಬಂದ. ಭರ್ತಿ ಪರ್ಸಿ ಹೇರಿಕೊಂಡು ಚಿಂಚೋಳಿ ಮುಟ್ಟಿ ಬಂದ, ಗಾಡಿ ಒಮ್ಮೆಯೂ ಕೆಮ್ಮಲಿಲ್ಲ. ಅಪ್ಪ ಚಹಾದ ಅಂಗಡಿಯ ಮುಂದೆ ನಿಂತು ಊರಿಗೆ ಕೇಳುವಂತೆ ಹೇಳಿದ.

"ನೋಡಿದ್ರೇನು? ಅಂವ ಹೋದ, ರೋಗ ಹೋತು."

ನಾನು ಗಾಡಿಯನ್ನು ಸರಿ ಮಾಡಿದ್ದೇ ಮೈಬು ಕಾಕಾನ ಮೇಲೆ ಸಾಕ್ಷಿಯಾಯಿತು. ಆ ರಾತ್ರಿ ಗೂಟದಿಂದ ಚೀಲ ಇಳಿಯಿತು. ಮರುದಿನ ಶಾಲೆಗೆ ಹೋದೆ, ಅದರ ಮರುದಿನವೂ ಹೋದೆ. ಮೂರನೆಯ ದಿನ ಶಾಲೆ ಬಿಟ್ಟ ಮೇಲೆ ಸ್ಟೇಷನ್ ಹಾದು ಬರುವಾಗ ಮೈಬು ಕಾಕಾ ಕಂಡ. ಗೂಡ್ಸ್ ಗಾಡಿಯಿಂದ ಮೂಟೆ ಹೊರುವವರ ಸಾಲಿನಲ್ಲಿ ತಲೆಗೆ ಗೋಣಿ ಹಾಕಿಕೊಂಡು ನಿಂತಿದ್ದ. ಟಾಕಿಯಲ್ಲಿ ಸಿಮೆಂಟ್ ಹಾಕಿದವನಿಗೆ ಶಹಾಬಾದಿನಿಂದ ವಾಡಿಯವರೆಗೆ ಯಾರೂ ಸ್ಟೇರಿಂಗ್ ಕೊಡುತ್ತಿರಲಿಲ್ಲ. ನನ್ನ ಹೆಗಲ ಚೀಲ ನೋಡಿ ಅವನ ಮುಖ ಅರಳಿತು.

"ಮತ್ತ ಸಾಲಿಗಿ ಹೊಂಟೀಯೇನು? ಛಲೋ ಆತು ತಮ್ಮಾ. ಭಾಳ ಛಲೋ ಆತು."

ಅವನು ಬೈದಿದ್ದರೆ ನಾನು ಹತ್ತನೆಯದೂ ಓದುತ್ತಿದ್ದೆನೋ ಏನೋ. ಮನೆಗೆ ಬಂದಾಗ ಅಪ್ಪ ಉಣ್ಣಲು ಕೂತಿದ್ದ. ರೊಟ್ಟಿ, ಪುಂಡಿಪಲ್ಯ. ಚೀಲ ಇಳಿಸದೆ ಬಾಗಿಲಲ್ಲೇ ನಿಂತು ಹೇಳಿದೆ.

"ಅಪ್ಪಾ, ಅದು ಸಿಮೆಂಟ್ ಅಲ್ಲ. ಇಬತ್ತಿ. ಮೈಬು ಕಾಕಾ ಹಾಕಿಲ್ಲ."

"ಎಲ್ಲಿ ಸಿಕ್ಕಿದ್ದ ಅಂವ? ಏನ ತಿನಿಸ್ಯಾನ ನಿನಗ?"

ನಾನು ಬೇರೆ ಮಾತು ಹುಡುಕುತ್ತಿದ್ದಾಗ ಪಡಸಾಲೆಯಿಂದ ಆಯಿ ಗೋಡೆ ಹಿಡಿದುಕೊಂಡು ಬಂದಳು.

"ತಮ್ಮಾ, ಸಿಮೆಂಟ್ ಇರಲೇ ಇಲ್ಲೇನು?"

"ಇರಲಿಲ್ಲ ಆಯಿ. ಇದ್ದದ್ದು ನಿನ್ನ ಇಬತ್ತಿ ಒಂದೇ."

 ಆಯಿ ಮಗನ ತಾಟಿನ ಮುಂದೆ ಕೂತಳು.

"ಬಸ್ಯಾ, ನಾನೇ ಹಾಕೀನಿ. ಅಮಾಸಿಗೊಮ್ಮಿ, ಜಗಲಿ ಮ್ಯಾಲಿನ ಕೀಲಿಕೈಲೇ ತಗದು, ಈ ಕೈಲೇ ಹಾಕೀನಿ. ಹೇಳಿದ್ರ ಗುಣ ಹೋಗ್ತದಂತ ಬಾಯಿ ಮುಚ್ಚಿದ್ದೆ. ಹೋದ್ರ ಹೋಗ್ಲಿ. ಆ ಮನಷ್ಯಾನ ಹೆಸರು ಹೋಗಬಾರದು."

ಅಪ್ಪನ ಕೈ ತಾಟಿನಲ್ಲೇ ಒಣಗಿತು. ಅವ್ವ ನೀರು ತಂದಿಟ್ಟಳು, ಅವನು ಕೈ ತೊಳೆಯಲಿಲ್ಲ. ಬಿಸಿಲು ಇಳಿಯುವ ಮೊದಲು ನನ್ನನ್ನು ಕರೆದುಕೊಂಡು ಸ್ಟೇಷನ್ ಆಚೆಯ ಮನೆಗೆ ನಡೆದ. ಮೈಬು ಕಾಕಾ ಕುರ್ಚಿ ಹಾಕಿದ. ಅಪ್ಪ ಕೂರಲಿಲ್ಲ. ನಡೆದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿ, ನನ್ನ ಜೇಬಿನಿಂದ ಇಸಿದುಕೊಂಡಿದ್ದ ಜಗಲಿಯ ಕೀಲಿಕೈಯನ್ನು ಅಂಗೈಯಲ್ಲಿಟ್ಟು ಮುಂದೆ ಚಾಚಿದ.

"ಇದು ನಿನ್ನ ಹತ್ರಾನೇ ಇರ್ಲಿ. ನಾಳಿಂದ ಬಾ."

ಅಪ್ಪ ಯಾರ ಮುಂದೆಯೂ ಹಾಗೆ ಕೈ ಚಾಚಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಮೈಬು ಕಾಕಾ ಕೀಲಿಕೈ ಮುಟ್ಟಲಿಲ್ಲ.

"ಅಣ್ಣಾ, ಪ್ಲಗ್ ಬಿಚ್ಚಿ ನೋಡಿದ್ರಿ, ಪಾಯಿಂಟ್ ಬಿಚ್ಚಿ ನೋಡಿದ್ರಿ, ಕಡೀಗಿ ನನ್ನೂ ಬಿಚ್ಚಿ ನೋಡಿದ್ರಿ. ಗಾಡಿ ಸಾಮಾನಾದ್ರ ತಿರುಗಿ ಕೂಡಸಬಹುದು. ಚಹಾ ಕುಡೀರಿ." ಆಮೇಲೆ ನನ್ನ ಕಡೆ ತಿರುಗಿದ. "ನಿನಗ ಎಂದ ಗೊತ್ತಾತು ತಮ್ಮಾ?"

"ಇವತ್ತ," ಎಂದೆ.

ಅವನು ನನ್ನ ಹೆಗಲಿನ ಚೀಲವನ್ನು ನೋಡಿದ.  ಇದು ಸುಳ್ಳೆಂದು ಅವನಿಗೆ ತಿಳಿಯಿತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ತಿಳಿಯಿತೆಂದೇ ನನ್ನ ಗುಮಾನಿ. ನಮ್ಮ ಗಾಡಿಯನ್ನು ಅವನು ಮತ್ತೆಂದೂ ಮುಟ್ಟಲಿಲ್ಲ. ಅಪ್ಪ ತಾನೇ ಹೋಗಿ ಚಹಾದ ಅಂಗಡಿಯ ಮುಂದೆ ನಿಂತು ಆಡಿದ ಮಾತು ವಾಪಸು ಪಡೆದ ಮೇಲೆ, ಸೇಡಂ ಕಡೆಯವರೊಬ್ಬರು ಅವನಿಗೆ ಲಾರಿ ಕೊಟ್ಟರು. ಚಿತ್ತಾಪುರದ ಡ್ರೈವರ ಎರಡು ತಿಂಗಳಿಗೆ ಬಿಟ್ಟುಹೋದ. ಅಪ್ಪನ ಕಣ್ಣಿನ ಕೆಳಗೆ ಯಾರೂ ನಿಲ್ಲುತ್ತಿರಲಿಲ್ಲ. ಆದರೆ ನಾನು ಶಾಲೆ ಬಿಟ್ಟದ್ದು ಅದಕ್ಕೂ ಮೊದಲು, ಆ ಸಂಜೆಯೇ. ಮನೆಗೆ ಬಂದು ಚೀಲವನ್ನು ಗೂಟಕ್ಕೆ ಹಾಕಿದವನು ನಾನೇ. ಅಪ್ಪ ಹೋಗು ಎಂದ, ಎರಡು ಸಲ ಹೇಳಿದ. ನನಗೆ ಆ ಚೀಲ ಹೊತ್ತುಕೊಂಡು ಸ್ಟೇಷನ್ ಹಾದುಹೋಗಲು ಆಗಲಿಲ್ಲ. ಗಾಡಿ ಹತ್ತಿದೆ, ಕ್ಲೀನರ್ ಆದೆ, ಲೈಸೆನ್ಸ್ ಬಂದ ಮೇಲೆ ಸ್ಟೇರಿಂಗ್ ಹಿಡಿದೆ. ಯಾರ ಹಂಗಿಲ್ಲದೆ ದುಡಿದೆ.

ಹೋದ ತಿಂಗಳು ಆ ಹಳೆಯ ಪಿಕಪ್ ಮತ್ತೆ ಕೆಮ್ಮಿತು. ಈಗ ಅದನ್ನು ಹಬ್ಬಕ್ಕೊಮ್ಮೆ ತೊಳೆದು ವಾಡಿಯವರೆಗೆ ಓಡಿಸಿ ತರುತ್ತೇನೆ, ಅಷ್ಟೇ. ಇಂಥ ಎಂಜಿನ್ ಬಿಚ್ಚಿದ ಮಿಸ್ತ್ರಿ ಈಗ ಸೇಡಮ್ಮಿನಲ್ಲೂ ಇಲ್ಲ, ವಾಡಿಯಲ್ಲೂ ಇಲ್ಲ. ನಾನೇ ಗಾಜಿನ ಬಟ್ಟಲು ಬಿಚ್ಚಿದೆ. ತಳದಲ್ಲಿ ಏನೋ ತಂಗಿತ್ತು. ಮಗ ಪಕ್ಕದಲ್ಲಿದ್ದ, ಸೊಸೆ ಬಾಗಿಲಲ್ಲಿದ್ದಳು. ಇಬ್ಬರ ಮುಖವನ್ನೂ ಒಮ್ಮೆ ನೋಡಿದೆ. ಆಮೇಲೆ ಬೆರಳಿಗೆ ತಗೊಂಡು ನಾಲಿಗೆಗೆ ಹಚ್ಚಿದೆ. ತುಕ್ಕು. ಬರೀ ತುಕ್ಕು.

ಈಗ ನನ್ನ ಬಳಿ ಇರುವುದು ಇಷ್ಟು. ಎರಡು ಲಾರಿ, ಒಂದು ಟ್ರ್ಯಾಕ್ಟರ್, ಅಪ್ಪನ ಕಾಲದ ಆ ಪಿಕಪ್. ಪರ್ಸಿ ಮಾಳಿಗೆಯ ಅದೇ ಮನೆ, ಅದರ ಬದಿಗೆ ನಾನು ಕಟ್ಟಿಸಿದ ಎರಡು ಕೋಣೆ. ಓದು ಏಳನೆಯ ಇಯತ್ತೆ ಅರ್ಧ, ಆಮೇಲೆ ಮೂರು ದಿನ. ಟಾಕಿಯ ಬೀಗ ಒಂದು. ಕೀಲಿಕೈ ಎರಡು. ಎರಡೂ ನನ್ನ ಹತ್ತಿರವೇ ಇವೆ.